ಮಟ್ಟ ಏರುವ ಲೆಕ್ಕ: ಭಾಸ್ಕರನ ಕವಡೆಯಿಂದ ಗಣಕದ ಆಟದವರೆಗೆ

ವಿಜಯಪುರ ನಗರದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ತೊರವಿ ಗ್ರಾಮವಿದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದು. 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯದ ಆವರಣವೂ ಇಲ್ಲಿಯೇ ಇದೆ. ತೊರವಿಯ ಇನ್ನೊಂದು ಹೆಮ್ಮೆ ಕಣ್ಣಿಗೆ ಬೀಳದೆ ನೆಲದೊಳಗಿದೆ. ಅದು ಸುರಂಗ ಬಾವಿ. 16ನೆಯ ಶತಮಾನದಲ್ಲಿ ಆದಿಲ್‌ಶಾಹಿ ಅರಸರು ಇಲ್ಲಿಂದ ಸುರಂಗ ಕೊರೆಸಿ ನಗರಕ್ಕೆ ನೀರು ಒಯ್ದರು. ವಿಶ್ವ ಸ್ಮಾರಕ ನಿಧಿಯು 2020ರ ತನ್ನ ಗಮನಾರ್ಹ ಸ್ಮಾರಕಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು.

ಈ ಸುರಂಗದಲ್ಲಿ ಪಂಪು ಇರಲಿಲ್ಲ. ನೀರನ್ನು ನಡೆಸಿದ್ದು ಇಳಿಜಾರು ಮಾತ್ರ. ಇಂಥ ಸುರಂಗಗಳಲ್ಲಿ ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ನೆಲವನ್ನೇ ಕೊರೆಯುತ್ತದೆ. ಕಡಿಮೆಯಾದರೆ ಹೂಳು ಕೂತು ಸುರಂಗ ಮುಚ್ಚಿಹೋಗುತ್ತದೆ. ಎರಡರ ನಡುವಿನ ಸರಿಯಾದ ಓಟವನ್ನು ಕಂಡುಹಿಡಿಯುವುದೇ ಜಾಣತನ.

ಈ ಲೇಖನ ನೀರಿನ ಬಗೆಗಲ್ಲ, ಆಟದ ಬಗೆಗೆ. ಆದರೆ ಪ್ರಶ್ನೆ ಒಂದೇ: ಹತ್ತುವವನಿಗೆ ಏರು ಎಷ್ಟಿರಬೇಕು? ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮೊಬೈಲಿನಲ್ಲೋ ಗಣಕಯಂತ್ರದಲ್ಲೋ ಕತ್ತಿ ಹಿಡಿದ ವೀರನನ್ನೋ ಮಂತ್ರವಾದಿಯನ್ನೋ ನಡೆಸುವ ಆಟ ಆಡುತ್ತಾರೆ. ಇವಕ್ಕೆ ರೋಲ್ ಪ್ಲೇಯಿಂಗ್ ಆಟ ಎಂದು ಹೆಸರು. ನಾವು ಪಾತ್ರಧಾರಿ ಆಟ ಎನ್ನೋಣ. ಪಾತ್ರ ಶತ್ರುವನ್ನು ಗೆದ್ದಾಗ ಅನುಭವದ ಅಂಕ ದೊರೆಯುತ್ತದೆ. ಅಂಕ ಸಾಕಷ್ಟಾದಾಗ ಪಾತ್ರ ಒಂದು ಮಟ್ಟ ಮೇಲೇರಿ ಹೆಚ್ಚು ಬಲಶಾಲಿಯಾಗುತ್ತದೆ. ಆಟಗಾರರು ಇದನ್ನೇ ಲೆವೆಲ್ ಎನ್ನುತ್ತಾರೆ. ಅವರು ಕಲೆತಲ್ಲೆಲ್ಲ ಕೇಳಿಬರುವ ದೂರುಗಳೂ ಇದರ ಸುತ್ತಲೇ ಇರುತ್ತವೆ. "ಮಟ್ಟ ಏರುವುದೇ ಇಲ್ಲ, ಒಂದೇ ಕೆಲಸ ಎಷ್ಟು ಸಲ ಮಾಡುವುದು?" ಎಂದು ಒಬ್ಬ ಕೇಳಿದರೆ, "ಮಟ್ಟ ಏರಿತು, ಆದರೆ ಏನೂ ಬದಲಾಗಲಿಲ್ಲ" ಎಂದು ಇನ್ನೊಬ್ಬ ಹೇಳುತ್ತಾನೆ. ಈ ಎರಡು ದೂರುಗಳ ಹಿಂದೆ ಪ್ರೌಢಶಾಲೆಯ ಗಣಿತವಿದೆ. ಆ ಗಣಿತಕ್ಕೆ ದೀರ್ಘ ಇತಿಹಾಸವಿದೆ.

ಮನೆಯ ಆಟ, ಗರಡಿಯ ಪಾಠ

ಹಳೆಯ ಆಟಗಳಲ್ಲಿ ಮಟ್ಟ ಎಂಬುದು ಇತ್ತೆ? ಪರಮಪದ ಸೋಪಾನದಲ್ಲಿ ಏಣಿ ಉಂಟು, ಹಾವೂ ಉಂಟು. ಕಾಯಿ ಮೇಲೇರುತ್ತದೆ. ಆದರೆ ಏರಿಸುವುದು ದಾಳ. ನೂರನೆಯ ಮನೆಯ ಹತ್ತಿರ ಬಂದ ಕಾಯಿ ಮೊದಲ ಮನೆಯಲ್ಲಿದ್ದ ಕಾಯಿಗಿಂತ ಬಲಶಾಲಿಯೇನೂ ಅಲ್ಲ. ಚೌಕಾಬಾರದಲ್ಲೂ ಪಗಡೆಯಲ್ಲೂ ಹೀಗೆಯೇ. ಚದುರಂಗದಲ್ಲಿ ಬೆಳೆಯುವುದು ಆಟಗಾರನ ಬುದ್ಧಿ, ಕಾಯಿಯಲ್ಲ. ಕೊನೆಯ ಸಾಲು ಮುಟ್ಟಿದ ಕಾಲಾಳು ಮೇಲಿನ ಪದವಿ ಪಡೆಯುವುದೊಂದೇ ಇದಕ್ಕೆ ಅಪವಾದ.

ಆಟವನ್ನೇ ಹಂತಹಂತವಾಗಿ ಕಠಿಣಗೊಳಿಸುವ ಆಲೋಚನೆ ಮಾತ್ರ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯಲ್ಲಿ ಗಂಜೀಫಾ ಎಲೆಗಳ ಆಟಗಳ ವಿವರಣೆಯಿದೆ. ಅವು 36 ಎಲೆಗಳ ಆಟದಿಂದ 360 ಎಲೆಗಳ ಆಟದವರೆಗೆ ಹಬ್ಬಿವೆ.

ಪಾತ್ರವೇ ಬಲಗೊಳ್ಳುತ್ತ ಹೋಗುವ ಮಾದರಿಯನ್ನು ನೋಡಬೇಕಾದರೆ ಗರಡಿಗೆ ಹೋಗಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳನ್ನು ಓದುಗರು ನೋಡಿರಬಹುದು. ಪಂದ್ಯದ ಕಲ್ಲನ್ನು ಯಾರೂ ಮೊದಲ ದಿನವೇ ಮುಟ್ಟುವುದಿಲ್ಲ. ಸಣ್ಣ ಗುಂಡು ಕೈಗೆ ಹಗುರವಾದ ಮೇಲೆ ಅದಕ್ಕಿಂತ ತುಸು ದೊಡ್ಡದು ಬರುತ್ತದೆ. ಕುಸ್ತಿಯಲ್ಲಿ ಉಸ್ತಾದರು ಜೋಡಿ ನೋಡಿ ಬಿಡುತ್ತಾರೆ. ತೀರ ದುರ್ಬಲನ ಜೊತೆ ಆಡಿದರೆ ಕಲಿಕೆಯಿಲ್ಲ, ತೀರ ಬಲಶಾಲಿಯ ಜೊತೆ ಆಡಿದರೆ ಪೆಟ್ಟು. ಎಷ್ಟು ಭಾರ, ಯಾವಾಗ ಹೆಚ್ಚಿಸಬೇಕು ಎಂಬುದನ್ನು ಇಲ್ಲಿ ಉಸ್ತಾದರ ಕಣ್ಣು ನಿರ್ಧರಿಸುತ್ತದೆ. ಗಣಕದ ಆಟದಲ್ಲಿ ಉಸ್ತಾದರಿಲ್ಲ. ಅವರ ಜಾಗದಲ್ಲಿ ಒಂದು ಶ್ರೇಢಿ ಕೂತಿದೆ.

ಭಾಸ್ಕರನ ಎರಡು ಲೆಕ್ಕಗಳು

ಶ್ರೇಢಿಯ ಮಾತು ಬಂದರೆ ಎರಡನೆಯ ಭಾಸ್ಕರನನ್ನು ನೆನೆಯದೆ ಇರಲಾಗದು. ಆತ ಹುಟ್ಟಿದ್ದು 1114ರಲ್ಲಿ. 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದ್ದು 36ನೆಯ ವಯಸ್ಸಿನಲ್ಲಿ, ಅಂದರೆ 1150ರಲ್ಲಿ. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ತನ್ನ ಊರೆಂದು ಆತ ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಮಹಾರಾಷ್ಟ್ರದ ಚಾಳೀಸಗಾಂವದ ಹತ್ತಿರ ಪಾಟಣದಲ್ಲಿ ದೊರೆತ 1207ರ ಶಾಸನವನ್ನು ಆಧರಿಸಿ ಆ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಈ ಚರ್ಚೆ ಏನೇ ಇರಲಿ, ವಿಜಯಪುರದ ಮಕ್ಕಳು ಭಾಸ್ಕರನನ್ನು ತಮ್ಮವನೆಂದೇ ಕೇಳಿ ಬೆಳೆದಿದ್ದಾರೆ.

'ಲೀಲಾವತಿ'ಯ ಶ್ರೇಢಿ ಪ್ರಕರಣದಲ್ಲಿ ನಮಗೆ ಬೇಕಾದ ಎರಡು ಲೆಕ್ಕಗಳಿವೆ. ಮೊದಲನೆಯದು ರಾಜನೊಬ್ಬನ ಪಯಣ. ಶತ್ರುವಿನ ಆನೆಗಳನ್ನು ಹಿಡಿಯಲು ಹೊರಟ ರಾಜ ಮೊದಲ ದಿನ 2 ಯೋಜನ ನಡೆಯುತ್ತಾನೆ. ಮುಂದೆ ಪ್ರತಿದಿನವೂ ನಿನ್ನೆಗಿಂತ ಒಂದೇ ಪ್ರಮಾಣದಲ್ಲಿ ಹೆಚ್ಚು ನಡೆದು 7 ದಿನಗಳಲ್ಲಿ 80 ಯೋಜನ ಮುಗಿಸುತ್ತಾನೆ. ದಿನದ ಹೆಚ್ಚಳ ಎಷ್ಟು? ಉತ್ತರ 22/7 ಯೋಜನ. ಇದು ಸಮಾಂತರ ಶ್ರೇಢಿ. ಪ್ರತಿ ಹೆಜ್ಜೆಯಲ್ಲೂ ಕೂಡುವುದು ಒಂದೇ ಮೊತ್ತ.

ಎರಡನೆಯದು ದಾನಿಯೊಬ್ಬನ ಕಥೆ. ಆತ ಯಾಚಕನಿಗೆ ಮೊದಲ ದಿನ 2 ಕವಡೆ ಕೊಟ್ಟು, ಪ್ರತಿದಿನ ಹಿಂದಿನ ದಿನದ ಇಮ್ಮಡಿ ಕೊಡುವೆನೆಂದು ಮಾತು ಕೊಡುತ್ತಾನೆ. ಒಂದು ತಿಂಗಳಲ್ಲಿ ಕೊಟ್ಟದ್ದೆಷ್ಟು? ಇದು ಗುಣೋತ್ತರ ಶ್ರೇಢಿ. 30 ದಿನಗಳ ಒಟ್ಟು 2,14,74,83,646 ಕವಡೆ. ಭಾಸ್ಕರನ ನಾಣ್ಯ ಪದ್ಧತಿಯಲ್ಲಿ 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಆದ್ದರಿಂದ ದಾನಿ ಕೊಡಬೇಕಾದದ್ದು 1,04,857 ನಿಷ್ಕ, 9 ದ್ರಮ್ಮ, 9 ಪಣ, 2 ಕಾಕಿಣಿ, 6 ಕವಡೆ! ಎರಡು ಕವಡೆಯಿಂದ ಹೊರಟ ಔದಾರ್ಯ ಲಕ್ಷ ನಿಷ್ಕ ದಾಟಿತು.

ಈ ಮೊತ್ತಕ್ಕೆ ಬೇಕಾದ ಎರಡರ 30ನೆಯ ಘಾತವನ್ನು ಭಾಸ್ಕರ 30 ಸಲ ಗುಣಿಸಿ ಪಡೆಯಲಿಲ್ಲ. ಸಂಖ್ಯೆ ಸಮವಾದರೆ ಅರ್ಧ ಮಾಡಿ 'ವರ್ಗ' ಎಂದು ಗುರುತು ಹಾಕು. ಬೆಸವಾದರೆ ಒಂದು ಕಳೆದು 'ಗುಣ' ಎಂದು ಗುರುತು ಹಾಕು. ಸೊನ್ನೆ ಬರುವವರೆಗೆ ಹೀಗೆ ಮುಂದುವರಿಸಿ, ಕೊನೆಯ ಗುರುತಿನಿಂದ ಹಿಂದಕ್ಕೆ ಬಾ. 30, 15, 14, 7, 6, 3, 2, 1, 0 ಎಂದು ಇಳಿಯುತ್ತೇವೆ. ಹಿಂದಿರುಗುವಾಗ ಒಂದರಿಂದ ಹೊರಟು 2, 4, 8, 64, 128, 16,384, 32,768, 1,07,37,41,824 ಎಂದು ಎಂಟೇ ಹೆಜ್ಜೆಗಳಲ್ಲಿ ಗುರಿ ಮುಟ್ಟುತ್ತೇವೆ. ಘಾತಗಳನ್ನು ಬೇಗ ಪಡೆಯಲು ಇಂದಿನ ಗಣಕ ಕ್ರಮವಿಧಿಗಳೂ ಇದೇ ಉಪಾಯವನ್ನು ಬಳಸುತ್ತವೆ.

1974ರ ಪೆಟ್ಟಿಗೆ

ಈಗ ಎಂಟು ಶತಮಾನ ಮುಂದಕ್ಕೆ, ಅಮೆರಿಕೆಗೆ ಹೋಗೋಣ. ಪ್ರಶ್ಯದ ಸೇನೆಯಲ್ಲಿ 19ನೆಯ ಶತಮಾನದ ಆರಂಭದಲ್ಲಿಯೇ ಅಧಿಕಾರಿಗಳ ತರಬೇತಿಗೆ ಮೇಜಿನ ಮೇಲಿನ ಯುದ್ಧದಾಟಗಳಿದ್ದವು. ಆ ಪರಂಪರೆಯ ಹವ್ಯಾಸಿಗಳಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಇಲ್ಲಿ ಆಟಗಾರ ಸೈನ್ಯವನ್ನು ನಡೆಸುವುದಿಲ್ಲ, ಒಂದೇ ಪಾತ್ರವನ್ನು ನಡೆಸುತ್ತಾನೆ. ಆ ಪಾತ್ರ ಒಂದು ದಿನದ ಆಟಕ್ಕೆ ಮುಗಿಯದೆ ವಾರದಿಂದ ವಾರಕ್ಕೆ ಬೆಳೆಯುತ್ತದೆ.

ಬೆಳವಣಿಗೆಯನ್ನು ಅಳೆಯಲು ಅವರು ಆರಿಸಿಕೊಂಡದ್ದು ದಾನಿಯ ಶ್ರೇಢಿಯನ್ನು. ಯೋಧನ ಪಾತ್ರ ಎರಡನೆಯ ಮಟ್ಟ ಮುಟ್ಟಲು 2,000 ಅಂಕ, ಮೂರನೆಯದಕ್ಕೆ 4,000, ನಾಲ್ಕನೆಯದಕ್ಕೆ 8,000, ಮುಂದೆ 16,000, 32,000, 64,000. ಅಲ್ಲಿಂದ ಮೇಲೆ 1,20,000 ಮತ್ತು 2,40,000. ಇಮ್ಮಡಿಯಾಗುತ್ತಲೇ ಹೋದರೆ ಯಾರೂ ತಲುಪಲಾರರೆಂಬಂತೆ, ನಂತರದ ಪ್ರತಿ ಮಟ್ಟಕ್ಕೂ 1,20,000 ಎಂದು ನಿಲ್ಲಿಸಿದರು. ಆ ಮೇಲಿನ ಏರು ಸಮಾಂತರ ಶ್ರೇಢಿ.

ಇಮ್ಮಡಿಯ ಏಣಿಗೆ ಒಂದು ಸೊಗಸಾದ ಗುಣವಿದೆ. ಅದರಲ್ಲಿ ಮುಂದಿನ ಮೆಟ್ಟಿಲಿನ ಬೆಲೆ, ಅದುವರೆಗೆ ಹತ್ತಿದ ಎಲ್ಲ ಮೆಟ್ಟಿಲುಗಳ ಒಟ್ಟು ಬೆಲೆಗೆ ಸಮ. 16,000 ಅಂಕವಿರುವ ಹಳೆಯ ಆಟಗಾರ 32,000 ಮುಟ್ಟಲು ಇನ್ನೂ 16,000 ಗಳಿಸಬೇಕು. ಅದೇ ವೇಳೆಗೆ ತಂಡಕ್ಕೆ ಹೊಸಬನೊಬ್ಬ ಸೇರಿ ಸಮಪಾಲು ಪಡೆದರೆ, ಅವನು ಸೊನ್ನೆಯಿಂದ 16,000ಕ್ಕೆ ಬಂದಿರುತ್ತಾನೆ. ಅಂದರೆ ಗೆಳೆಯನಿಗಿಂತ ಒಂದೇ ಮಟ್ಟ ಕೆಳಗೆ. ತಡವಾಗಿ ಬಂದವನೂ ಜೊತೆಗೂಡಬಹುದು. ಸಮಾನ ಮೆಟ್ಟಿಲುಗಳ ಏಣಿಯಲ್ಲಿ ಇದು ಆಗುವುದಿಲ್ಲ. ಅಲ್ಲಿ ಹಿಂದೆ ಬಿದ್ದವನು ಅಷ್ಟೇ ಮೆಟ್ಟಿಲು ಹಿಂದೆ ಉಳಿಯುತ್ತಾನೆ.

ಬೆಲೆಯಷ್ಟೇ ಅಲ್ಲ, ಗಳಿಕೆ

2000ನೆಯ ಇಸವಿಯಲ್ಲಿ ಬಂದ ಇದೇ ಆಟದ ಮೂರನೆಯ ಆವೃತ್ತಿ ರಾಜನ ಶ್ರೇಢಿಗೆ ಹೊರಳಿತು. ಎರಡನೆಯ ಮಟ್ಟಕ್ಕೆ 1,000, ಮೂರನೆಯದಕ್ಕೆ 3,000, ನಾಲ್ಕನೆಯದಕ್ಕೆ 6,000, ಐದನೆಯದಕ್ಕೆ 10,000. 1, 3, 6, 10 ಎಂಬುವು ತ್ರಿಕೋನ ಸಂಖ್ಯೆಗಳು. ಒಂದರಿಂದ ಆರಂಭವಾಗುವ ಸಂಖ್ಯೆಗಳನ್ನು ಕೂಡುತ್ತ ಹೋದಾಗ ದೊರೆಯುವ ಇವನ್ನು ಭಾಸ್ಕರ 'ಸಂಕಲಿತ' ಎಂದು ಕರೆದ. ಇದರಲ್ಲಿ ಮೊದಲ ಮೆಟ್ಟಿಲಿಗೆ 1,000, ಎರಡನೆಯದಕ್ಕೆ 2,000, ಹತ್ತನೆಯದಕ್ಕೆ 10,000 ಅಂಕ ಬೇಕು.

ಹತ್ತನೆಯ ಮೆಟ್ಟಿಲು ಮೊದಲನೆಯದಕ್ಕಿಂತ ಹತ್ತು ಪಟ್ಟು ಕಠಿಣವೆ? ಅಲ್ಲ. ಏಕೆಂದರೆ ಮೇಲೇರಿದಂತೆ ಗಳಿಕೆಯೂ ಏರುತ್ತದೆ. ನಾಲ್ವರ ತಂಡ ತನಗೆ ಸರಿಸಾಟಿಯಾದ ಎದುರಾಳಿಯನ್ನು ಗೆದ್ದರೆ ಮಟ್ಟದ ಸಂಖ್ಯೆಯ 300 ಪಟ್ಟು ಅಂಕ ಬರುತ್ತಿತ್ತು. ನಾಲ್ವರಿಗೆ ಹಂಚಿದರೆ ತಲೆಗೆ 75 ಪಟ್ಟು. ಮೆಟ್ಟಿಲಿನ ಬೆಲೆ ಮಟ್ಟದ 1,000 ಪಟ್ಟು. ಭಾಗಿಸಿದರೆ ಮಟ್ಟದ ಸಂಖ್ಯೆ ಹೊಡೆದುಹೋಗಿ 13 ಪೂರ್ಣಾಂಕ 1/3 ಉಳಿಯುತ್ತದೆ. ಯಾವ ಮಟ್ಟದಲ್ಲಾದರೂ ಸುಮಾರು 13 ಕಾಳಗಕ್ಕೆ ಒಂದು ಮೆಟ್ಟಿಲು.

ಇದೇ ಇಡೀ ವಿಷಯದ ಕೀಲಿಕೈ. ಆಟಗಾರನಿಗೆ ತಟ್ಟುವುದು ಬೆಲೆಯಲ್ಲ, ಬೆಲೆಯನ್ನು ಗಳಿಕೆಯ ವೇಗದಿಂದ ಭಾಗಿಸಿದಾಗ ಬರುವ ಕಾಲ. ಒಂದು ಊಹೆಯ ಆಟವನ್ನು ತೆಗೆದುಕೊಳ್ಳೋಣ. ಆಟಗಾರ ಮೊದಲ ಮಟ್ಟದಲ್ಲಿ ಗಂಟೆಗೆ 1,000 ಅಂಕ ಗಳಿಸುತ್ತಾನೆ, ಮಟ್ಟಕ್ಕೆ 1,000ದಂತೆ ಗಳಿಕೆ ಹೆಚ್ಚುತ್ತದೆ. ಮೆಟ್ಟಿಲಿನ ಬೆಲೆಯೂ 1,000, 2,000, 3,000 ಎಂದು ಏರಿದರೆ ಪ್ರತಿ ಮೆಟ್ಟಿಲಿಗೂ ಒಂದು ಗಂಟೆ. ಬೆಲೆ 1,000, 2,000, 4,000 ಎಂದು ಇಮ್ಮಡಿಯಾದರೆ ಮೊದಲೆರಡು ಮೆಟ್ಟಿಲಿಗೆ ಒಂದೊಂದೇ ಗಂಟೆ. ಐದನೆಯದಕ್ಕೆ 16,000ವನ್ನು 5,000ದಿಂದ ಭಾಗಿಸಿ 3.2 ಗಂಟೆ. ಹತ್ತನೆಯದಕ್ಕೆ 5,12,000ವನ್ನು 10,000ದಿಂದ ಭಾಗಿಸಿ 51.2 ಗಂಟೆ! ಗಳಿಕೆ ಸಮಾಂತರ ಶ್ರೇಢಿಯಲ್ಲೂ ಬೆಲೆ ಗುಣೋತ್ತರ ಶ್ರೇಢಿಯಲ್ಲೂ ಸಾಗಿದರೆ ಏಣಿ ಒಂದು ಕಡೆ ಗೋಡೆಯಾಗುತ್ತದೆ. ಮೊದಲ ದೂರು ಹುಟ್ಟುವುದು ಅಲ್ಲಿ. ಆಟಗಾರರು ಇಂಥ ದುಡಿಮೆಯನ್ನು ಗ್ರೈಂಡ್ ಎನ್ನುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತ ಹಾಗೆ, ಸುತ್ತಿದ್ದೇ ಸುತ್ತು.

ಗಣಕ ಲೆಕ್ಕ ಹಿಡಿದ ಮೇಲೆ

ಕಾಗದದ ಆಟದಲ್ಲಿ ಕಥೆ ನಡೆಸುವ ವ್ಯಕ್ತಿ ಒಬ್ಬನಿರುತ್ತಿದ್ದ. ತಂಡ ಸೋಲುತ್ತಿದ್ದರೆ ಶತ್ರುವನ್ನು ತುಸು ಸಡಿಲಿಸುವ ಅಧಿಕಾರ ಅವನಿಗಿತ್ತು. ಅವನೇ ಅಲ್ಲಿಯ ಉಸ್ತಾದ. 1975ರ ಸುಮಾರಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲೆಂದು ರೂಪಿಸಿದ್ದ ಪ್ಲೇಟೋ ಎಂಬ ಗಣಕ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳು ಈ ಆಟದ ಅನುಕರಣೆಗಳನ್ನು ಬರೆದರು. ಅಲ್ಲಿಂದ ಉಸ್ತಾದ ಮಾಯವಾಗಿ ಸೂತ್ರ ಮಾತ್ರ ಉಳಿಯಿತು. 1980ರ 'ರೋಗ್', 1981ರ 'ವಿಝಾರ್ಡ್ರಿ' ಮತ್ತು 'ಅಲ್ಟಿಮಾ' ಅದೇ ದಾರಿಯವು. 1986ರಲ್ಲಿ ಜಪಾನಿನ ಯೂಜಿ ಹೋರಿ ರೂಪಿಸಿದ 'ಡ್ರ್ಯಾಗನ್ ಕ್ವೆಸ್ಟ್' ಈ ಬಗೆಯ ಆಟವನ್ನು ಮನೆಯ ದೂರದರ್ಶನ ಪರದೆಗೆ ತಂದಿತು. ಕೈಚಳಕ ಇಲ್ಲದವರೂ ತಾಳ್ಮೆಯಿಂದ ಮಟ್ಟ ಏರಿಸಿಕೊಂಡರೆ ಕೊನೆ ಮುಟ್ಟಬಹುದು ಎಂಬುದೇ ಅದರ ಆಕರ್ಷಣೆ. 1996ರ 'ಪೊಕೆಮಾನ್' ಆಟದಲ್ಲಿ ಅನೇಕ ಪ್ರಾಣಿಗಳಿಗೆ ಬೇಕಾಗುವ ಒಟ್ಟು ಅಂಕ ಮಟ್ಟದ ಸಂಖ್ಯೆಯ ಘನ. ನೂರನೆಯ ಮಟ್ಟಕ್ಕೆ 10 ಲಕ್ಷ.

2001ರಲ್ಲಿ ಆರಂಭವಾದ 'ರೂನ್‌ಸ್ಕೇಪ್' ಎಂಬ ಅಂತರಜಾಲದ ಆಟದಲ್ಲಿ ಸುಮಾರು 7 ಮಟ್ಟಗಳಿಗೊಮ್ಮೆ ಬೇಕಾದ ಅಂಕ ಇಮ್ಮಡಿಯಾಗುತ್ತದೆ. ಒಂದು ಕೌಶಲದಲ್ಲಿ 99ನೆಯ ಮಟ್ಟಕ್ಕೆ 1,30,34,431 ಅಂಕ ಬೇಕು. 92ನೆಯ ಮಟ್ಟ ಮುಟ್ಟಿದವನು ಅರ್ಧ ದಾರಿ ಮಾತ್ರ ಸವೆಸಿರುತ್ತಾನೆ. ಇನ್ನೊಂದು ಸ್ವಾರಸ್ಯವೂ ಇದೆ. ಈ ಆಟದಲ್ಲಿ ಒಂದು ರಾಶಿಯಲ್ಲಿಡಬಹುದಾದ ಚಿನ್ನದ ನಾಣ್ಯಗಳ ಮಿತಿ 2,14,74,83,647. ಭಾಸ್ಕರನ ದಾನಿ ಕೊಟ್ಟ ಕವಡೆಗಳಿಗಿಂತ ಒಂದೇ ಒಂದು ಹೆಚ್ಚು! ಇದರಲ್ಲಿ ಪವಾಡವೇನಿಲ್ಲ. ಗಣಕದ 32 ಬಿಟ್‌ಗಳಲ್ಲಿ ಒಂದನ್ನು ಧನ, ಋಣ ಚಿಹ್ನೆಗೆ ಬಿಟ್ಟರೆ 31 ಉಳಿಯುತ್ತವೆ. ಅವುಗಳ ಬೆಲೆ 1, 2, 4, 8 ಎಂದು ಇಮ್ಮಡಿಸುತ್ತ ಎರಡರ 30ನೆಯ ಘಾತದವರೆಗೆ ಹೋಗುತ್ತದೆ. ದಾನಿಯ ಪಟ್ಟಿ 2ರಿಂದ ಹೊರಟು ಅಲ್ಲಿಗೇ ನಿಲ್ಲುತ್ತದೆ. ಮೊದಲ 1 ಮಾತ್ರ ಅವನಲ್ಲಿಲ್ಲ. ಭಾಸ್ಕರನಿಗೆ ಗಣಕ ಗೊತ್ತಿತ್ತೆಂದು ಯಾರೂ ಹಿಗ್ಗಬೇಕಿಲ್ಲ. ಇಮ್ಮಡಿಸುವುದರ ಗಣಿತ ಎಲ್ಲ ಕಾಲಕ್ಕೂ ಒಂದೇ ಎಂದು ತಿಳಿದರೆ ಸಾಕು.

ಎದುರಾಳಿಯೂ ಏರಿದರೆ?

ಎರಡನೆಯ ದೂರಿಗೆ ಹೆಸರುವಾಸಿಯಾದದ್ದು 2006ರಲ್ಲಿ ಬಿಡುಗಡೆಯಾದ 'ದಿ ಎಲ್ಡರ್ ಸ್ಕ್ರಾಲ್ಸ್ 4: ಆಬ್ಲಿವಿಯನ್'. ಆಟಗಾರ ಎಲ್ಲಿ ಬೇಕಾದರೂ ಹೋಗಬಹುದಾದ ವಿಶಾಲ ನಾಡು ಅದು. ಯಾವ ಮೂಲೆಗೆ ಯಾವಾಗ ಹೋಗುತ್ತಾನೆಂದು ಮೊದಲೇ ಹೇಳಲಾಗದು. ಆದ್ದರಿಂದ ನಿರ್ಮಾಪಕರು ಶತ್ರುಗಳ ಬಲವನ್ನು ಆಟಗಾರನ ಮಟ್ಟಕ್ಕೆ ಕಟ್ಟಿದರು. ಅವನು ಏರಿದರೆ ಅವರೂ ಏರುತ್ತಾರೆ. ಯಾವುದೂ ತೀರ ಸುಲಭವಲ್ಲ, ತೀರ ಕಠಿಣವಲ್ಲ. ಕೇಳಲು ಚೆನ್ನಾಗಿಯೇ ಇದೆ.

ಆದರೆ ಆಟಗಾರರು ಗೊಣಗಿದರು. ದಾರಿ ಬದಿಯ ಸಾಮಾನ್ಯ ದರೋಡೆಕೋರರು ಕೊನೆಕೊನೆಗೆ ರಾಜರಿಗೂ ಸಿಗದ ಕವಚ ತೊಟ್ಟು ಬರತೊಡಗಿದರು. ತನ್ನ ಬಲ ಹತ್ತು ಪಟ್ಟಾದರೆ ಶತ್ರುವಿನ ಬಲವೂ ಹತ್ತು ಪಟ್ಟು, ಅನುಪಾತ ಅಲ್ಲಿಯೇ ಉಳಿಯಿತು. ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಭಿನ್ನರಾಶಿ ಬದಲಾಗದು ಎಂಬುದು ಪ್ರಾಥಮಿಕ ಶಾಲೆಯ ಪಾಠವಲ್ಲವೆ? ಕಾಳಗಕ್ಕೆ ಸಂಬಂಧಿಸದ ಕೌಶಲಗಳಲ್ಲಿ ಮೇಲೇರಿದವರ ಪಾಡು ಇನ್ನೂ ಕಷ್ಟ. ಅವರ ಮಟ್ಟ ಏರಿತು, ಶತ್ರು ಬಲಿತ, ಕತ್ತಿಯ ಕೈ ಮಾತ್ರ ಹಿಂದಿನಂತೆಯೇ ಇತ್ತು. ಈ ಆಟದಲ್ಲಿ ಹಾಸಿಗೆಯಲ್ಲಿ ಮಲಗಿ ಎದ್ದಾಗ ಮಾತ್ರ ಮಟ್ಟ ಏರುತ್ತಿತ್ತು. ಕೆಲವರು ಉಪಾಯ ಹೂಡಿ ಮಲಗುವುದನ್ನೇ ಬಿಟ್ಟರು! ಬೆಳೆಯದೇ ಇರುವುದೇ ಲಾಭವಾಗುವ ಏಣಿಯಲ್ಲಿ ಏನೋ ದೋಷವಿದೆ ಎಂದೇ ಅರ್ಥ.

ಇದೇ ಸರಣಿಯ 2011ರ 'ಸ್ಕೈರಿಮ್' ಆಟದಲ್ಲಿ ಪ್ರದೇಶಗಳಿಗೆ ಕನಿಷ್ಠ, ಗರಿಷ್ಠ ಮಿತಿಗಳನ್ನು ಹಾಕಿದರು. ಸೋತು ಹಿಂದಿರುಗಿದ ಗುಹೆಯನ್ನು ಬಲಿತ ಮೇಲೆ ಗೆಲ್ಲುವ ಸಂತೋಷ ಮರಳಿತು. 2025ರಲ್ಲಿ ಆಬ್ಲಿವಿಯನ್ನಿನ ನವೀಕೃತ ಆವೃತ್ತಿ ಬಂದಾಗ ಮಟ್ಟ ಏರುವ ವಿಧಾನವನ್ನೂ ತಿದ್ದಿದ್ದರು. ಜಪಾನಿನ ಹಿದೆತಾಕಾ ಮಿಯಾಝಾಕಿ ಬೇರೆ ದಾರಿ ಹಿಡಿದರು. ಅವರ 2009ರ 'ಡೀಮನ್ಸ್ ಸೋಲ್ಸ್' ಆಟದಿಂದ 2022ರ 'ಎಲ್ಡನ್ ರಿಂಗ್'ವರೆಗೆ ಸುಲಭ, ಕಠಿಣ ಎಂಬ ಆಯ್ಕೆಯೇ ಇಲ್ಲ. ಶತ್ರು ಆಟಗಾರನಿಗಾಗಿ ತಗ್ಗುವುದಿಲ್ಲ. ಎಲ್ಡನ್ ರಿಂಗಿನಲ್ಲಿ ಮಾತ್ರ ಒಂದು ಕಡೆ ಸೋತವನು ಬೇರೆ ಕಡೆ ಹೋಗಿ ಬಲಿತು ಬರಲು ನಾಡು ವಿಶಾಲವಾಗಿದೆ. ಸುಲಭದ ಆಯ್ಕೆ ಇರಲೇಬೇಕು, ಕೈಕಾಲು ಸರಿಯಿಲ್ಲದವರೂ ಆಡಬೇಡವೆ ಎನ್ನುವವರಿದ್ದಾರೆ. ಆಯ್ಕೆ ಇದ್ದರೆ ಗೆಲುವಿಗೆ ಬೆಲೆಯೆಲ್ಲಿ ಎನ್ನುವವರೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ.

ಏಣಿಗೆ ಬೆಲೆಚೀಟಿ

ಇದುವರೆಗಿನದು ವಿನೋದದ ಪ್ರಶ್ನೆ. ಹಣ ಬಂದಾಗ ಅದು ಗಂಭೀರವಾಗುತ್ತದೆ. ಇಂದಿನ ಹಲವು ಆಟಗಳು ಬಿಟ್ಟಿಯಾಗಿ ದೊರೆಯುತ್ತವೆ. ಮೊದಲ ಮೆಟ್ಟಿಲುಗಳು ಬಲು ಸುಲಭ, ಆಮೇಲೆ ಏಣಿ ಗೋಡೆಯಾಗುತ್ತದೆ. ಗೋಡೆಯ ಬುಡದಲ್ಲಿ ಒಂದು ಅಂಗಡಿ ಇರುತ್ತದೆ. ದುಡ್ಡು ಕೊಟ್ಟರೆ ಮೇಲಕ್ಕೆ ಹೋಗಬಹುದು. ಇಲ್ಲಿ ಏರು ಆಟಗಾರನ ಕಲಿಕೆಗೆ ತಕ್ಕಂತಿಲ್ಲ, ಅವನ ಅಸಹನೆಗೆ ತಕ್ಕಂತಿದೆ.

2017ರ ನವೆಂಬರಿನಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟದಲ್ಲಿ ಇದು ಬೀದಿಗೆ ಬಂತು. ಕಥೆಯ ಮುಖ್ಯ ವೀರರಲ್ಲಿ ಕೆಲವರನ್ನು ಪಡೆಯಲು 60,000 ಅಂಕ ಬೇಕಿತ್ತು. ಆಟಗಾರರು ಮಾಡಿದ್ದು ಸಾದಾ ಭಾಗಾಕಾರ: ಬೆಲೆಯನ್ನು ಗಂಟೆಯ ಗಳಿಕೆಯಿಂದ ಭಾಗಿಸಿದರು. ಒಬ್ಬ ವೀರನಿಗೆ ಸುಮಾರು 40 ಗಂಟೆ ಎಂಬ ಉತ್ತರ ಲೋಕವೆಲ್ಲ ಹರಡಿತು. ಕಂಪನಿ ಬೆಲೆಯನ್ನು ಶೇಕಡಾ 75ರಷ್ಟು ಇಳಿಸಿತು. ಮರುವರ್ಷ, 2018ರಲ್ಲಿ, ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಆಟಗಳಲ್ಲಿ ಹಣಕ್ಕೆ ಮಾರುವ ಅದೃಷ್ಟದ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು. ಇಡೀ ಗದ್ದಲ ಎದ್ದದ್ದು ಒಂದು ಭಾಗಾಕಾರದಿಂದ ಎಂಬುದನ್ನು ಗಣಿತದ ಉಪಾಧ್ಯಾಯರು ಮರೆಯಬಾರದು.

ತರಗತಿಯಲ್ಲಿ

ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ ಕಲಿಸುವಾಗ ಒಂದು ಚಟುವಟಿಕೆ ಮಾಡಿನೋಡಬಹುದು. ಆಟ ಆಡುವ ವಿದ್ಯಾರ್ಥಿಯೊಬ್ಬ ತನ್ನ ಆಟದಲ್ಲಿ ಪ್ರತಿ ಮಟ್ಟಕ್ಕೆ ಬೇಕಾದ ಅಂಕಗಳನ್ನು ಬರೆದು ತರಲಿ. ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸವನ್ನು ತರಗತಿ ಕಂಡುಹಿಡಿಯಲಿ. ವ್ಯತ್ಯಾಸ ಸ್ಥಿರವೆ? ವ್ಯತ್ಯಾಸದ ವ್ಯತ್ಯಾಸ ಸ್ಥಿರವೆ? ಅಥವಾ ಅನುಪಾತ ಸ್ಥಿರವೆ? ನಂತರ ಗಂಟೆಯ ಗಳಿಕೆಯಿಂದ ಭಾಗಿಸಿ ಕಾಲದ ನಕ್ಷೆ ಎಳೆಯಲಿ. ಏಣಿ ಎಲ್ಲಿ ಗೋಡೆಯಾಗುತ್ತದೆ, ಅಂಗಡಿ ಎಲ್ಲಿ ತೆರೆಯುತ್ತದೆ ಎಂಬುದನ್ನು ಅವರೇ ನಕ್ಷೆಯಲ್ಲಿ ಗುರುತಿಸುತ್ತಾರೆ. ಆಟ ಆಡಬೇಡ ಎಂಬ ಉಪದೇಶಕ್ಕಿಂತ ಈ ನಕ್ಷೆ ಹೆಚ್ಚು ಹೇಳೀತು.

ನಕ್ಷೆಯನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬೇಕು. ಪಾಠದಲ್ಲಿ ಏರನ್ನು ಗೊತ್ತುಮಾಡುವವರು ನಾವು. ಭಿನ್ನರಾಶಿ ಗಟ್ಟಿಯಾಗುವ ಮುನ್ನ ಬೀಜಗಣಿತ ಬಂದರೆ ಹುಡುಗನ ಗಳಿಕೆ ಒಂದು ಶ್ರೇಢಿಯಲ್ಲಿ, ಪುಸ್ತಕದ ಬೆಲೆ ಇನ್ನೊಂದರಲ್ಲಿ ಸಾಗುತ್ತದೆ. ಅವನು ದಡ್ಡನೆಂದು ನಾವು ಬರೆದುಬಿಡುತ್ತೇವೆ. ಎಲ್ಲರೂ ಪಾಸಾಗಲೆಂದು ಪ್ರಶ್ನೆಯನ್ನೇ ಇಳಿಸುತ್ತ ಹೋದರೆ, ತಾನು ಬೆಳೆದೆನೆಂಬುದೇ ಅವನಿಗೆ ತಿಳಿಯುವುದಿಲ್ಲ. ಹಿಂದಿನ ವರ್ಷ ಬಿಡಿಸಲಾಗದ ಲೆಕ್ಕವನ್ನು ಈ ವರ್ಷ ಅವನ ಕೈಗೆ ಮತ್ತೆ ಕೊಟ್ಟು ನೋಡಿ. ಅದು ಬಿಡಿಸಿದಾಗ ಮುಖದಲ್ಲಿ ಮೂಡುವ ಬೆಳಕೇ ಅವನು ಏರಿದ ಮಟ್ಟ.

ತೊರವಿಯ ಸುರಂಗ ತೋಡಿದವರು ಹೂಳು ಕೂರದಂತೆ, ನೆಲ ಕೊರೆಯದಂತೆ ಓಟ ಕೊಡಬೇಕಿತ್ತು. ಮಣ್ಣಿನ ಗುಣ ನೋಡದೆ ಆ ಓಟವನ್ನು ಗೊತ್ತುಮಾಡಲು ಬರುತ್ತಿರಲಿಲ್ಲ. ಹತ್ತುವವನನ್ನು ನೋಡದೆ ಏಣಿ ಕಟ್ಟಲೂ ಬರುವುದಿಲ್ಲ.